ಗೋಡೆ ಏಳುವ ಮೊದಲೇ ಅಜ್ಜಿ ಒಳಗೆ ಓಡಾಡಿದರು

ವಿಜಯಪುರದಲ್ಲಿ ಒಂದು ಸಣ್ಣ ಆಸ್ಪತ್ರೆಯ ಪ್ಲಾನ್ ಮಾಡುವಾಗ ನನಗೆ ಒಂದೇ ಚಿಂತೆ. ಇಂಡಿ, ಸಿಂದಗಿ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವರು ಚೀಟಿ ಮಾಡಿಸಿಕೊಂಡು, ದಾರಿ ತಪ್ಪದೆ ರಕ್ತ ಪರೀಕ್ಷೆಯ ಕೋಣೆ ಮುಟ್ಟುತ್ತಾರಾ? ಹಾಳೆ ತೋರಿಸಿ ಕೇಳಿದರೆ ಎಲ್ಲರೂ 'ಚೊಲೋ ಐತ್ರಿ ಸರ್' ಅಂದುಬಿಡುತ್ತಾರೆ. ಅದಕ್ಕೇ ವಿಆರ್ ಹಿಡಿದೆ, ಅಂದರೆ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಇನ್ನೂ ಕಟ್ಟದ ಕಟ್ಟಡದೊಳಗೆ ಓಡಾಡಿ ನೋಡುವುದು.

ಸ್ಕೆಚ್‌ಅಪ್‌ನಲ್ಲಿ ಮಾಡಿದ ಕಟ್ಟಡದ 3ಡಿ ಮಾಡೆಲನ್ನು ವಿಡಿಯೋ ಗೇಮ್ ಮಾಡುವ ಯೂನಿಟಿ ಸಾಫ್ಟ್‌ವೇರಿಗೆ ಹಾಕಿ, ಕ್ವೆಸ್ಟ್ 2 ಹೆಡ್‌ಸೆಟ್‌ನಲ್ಲಿ ಓಡುವಂತೆ ಮಾಡಿಕೊಂಡೆ. ತಲೆ ಎಲ್ಲಿದೆ, ಯಾವ ಕಡೆ ತಿರುಗಿದೆ ಅಂತ ಸೆಕೆಂಡಿಗೆ 10 ಸಲ ಬರೆದಿಡುವ ಸಣ್ಣ ಸ್ಕ್ರಿಪ್ಟ್ ಕೂಡ ಸೇರಿಸಿದೆ. ಈ ಹೆಡ್‌ಸೆಟ್ ಕಣ್ಣಿನ ನೋಟ ಹಿಡಿಯುವುದಿಲ್ಲ, ತಲೆಯ ದಿಕ್ಕಷ್ಟೇ ಸಿಗುತ್ತದೆ.

ಪರೀಕ್ಷೆಗೆ ಕರೆಸಿದವರನ್ನು ಮೊದಲು ಕೂರಿಸಿ ಜಾಯ್‌ಸ್ಟಿಕ್ ಕೊಟ್ಟೆ. ಇಬ್ಬರಿಗೆ ತಲೆಸುತ್ತು ಬಂತು. ಕಣ್ಣು ನಡೀತಿದ್ದೇವೆ ಅನ್ನುತ್ತದೆ, ಒಳಕಿವಿ ಕೂತಿದ್ದೇವೆ ಅನ್ನುತ್ತದೆ, ಅದರಿಂದ ಹಾಗಾಗುವುದು. ಟೆಲಿಪೋರ್ಟ್‌ನಲ್ಲಿ, ಅಂದರೆ ಗುರಿ ಮಾಡಿದ ಜಾಗಕ್ಕೆ ಒಮ್ಮೆಗೇ ಜಿಗಿಯುವುದರಲ್ಲಿ, ಆ ತೊಂದರೆ ಕಡಿಮೆ, ಆದರೆ ಜನ ಎಲ್ಲಿ ತಡವರಿಸಿದರು ಅನ್ನೋದೇ ಕಾಣುವುದಿಲ್ಲ, ನನಗೆ ಬೇಕಿದ್ದದ್ದೇ ಅದು ಅಲ್ವಾ. ಕೊನೆಗೆ ಮಂಗಲ ಕಾರ್ಯಾಲಯದ ಖಾಲಿ ಹಾಲ್‌ನಲ್ಲಿ ಕಾರಿಡಾರಿನ ತಿರುವಿನ ಭಾಗವನ್ನಷ್ಟೇ ಇಟ್ಟುಕೊಂಡು, ಎಲ್ಲರನ್ನೂ ಕಾಲ ಮೇಲೇ ನಡೆಸಿದೆ.

70 ದಾಟಿದ ಅಜ್ಜಿಯೊಬ್ಬರು ಬಂದಿದ್ದರು. ಹೆಡ್‌ಸೆಟ್ ಕಟ್ಟಿದ ಕೂಡಲೇ ಸೆರಗು ಸರಿಮಾಡಿಕೊಂಡು, ಇಲ್ಲದ ಗೋಡೆಗೆ ಕೈ ಚಾಚಿ ನಿಧಾನ ನಡೆದರು. ಎಡಕ್ಕೆ ದೊಡ್ಡ ಬೋರ್ಡು, ಕೆಂಪು ಬಾಣ. ತಲೆ ಆ ಕಡೆ ತಿರುಗಲೇ ಇಲ್ಲ. ತಿರುವಿನಲ್ಲಿ ನಿಂತು, "ಇಲ್ಲಿ ಕೇಳಾಕ ಯಾರೂ ಇಲ್ಲೇನು ತಮ್ಮಾ?" ಅಂದರು.

11 ಜನರಲ್ಲಿ 8 ಮಂದಿ ಅದೇ ಜಾಗದಲ್ಲಿ ನಿಂತಿದ್ದರು. ಖಾಲಿ ಕಟ್ಟಡ ತೋರಿಸಿದ್ದೇ ನನ್ನ ತಪ್ಪು. ಮಾಡೆಲ್ ಒಳಗೆ ನಾಲ್ಕು ಬೊಂಬೆ ಜನರನ್ನು ಓಡಾಡಲು ಬಿಟ್ಟು ಮತ್ತೆ ನಡೆಸಿದೆ. ಈ ಸಲ ಹೆಚ್ಚಿನವರು ಮುಂದೆ ಹೋಗುವವರ ಬೆನ್ನು ಹಿಡಿದರು, ಆ ಬೊಂಬೆ ಎಕ್ಸ್‌ರೇ ಕಡೆ ತಿರುಗಿದರೂ ಹಿಂದೆಯೇ ಹೋದರು. ಬೋರ್ಡು ಇನ್ನೂ ದೊಡ್ಡದು ಮಾಡುವ ಯೋಚನೆ ಅಲ್ಲಿಗೇ ಬಿಟ್ಟೆ. ವಿಚಾರಣೆಯ ಟೇಬಲ್ಲನ್ನು ಬಾಗಿಲಿಂದ ತಿರುವಿಗೆ ತಂದೆ.

ಅಗಲದ ವಿಷಯದಲ್ಲಿ ಮಾತ್ರ ಹೆಡ್‌ಸೆಟ್ಟನ್ನು ನಂಬಲಿಲ್ಲ. ಅದರೊಳಗೆ ದೂರ ಇರುವುದಕ್ಕಿಂತ ಕಡಿಮೆ ಅನಿಸುತ್ತದೆ. ಹಾಗಾಗಿ ಸೈಟ್‌ನಲ್ಲೇ ಸುಣ್ಣದ ಪುಡಿಯಿಂದ ಕಾರಿಡಾರ್ ಎಳೆದು ಸ್ಟ್ರೆಚರ್ ತಳ್ಳಿಸಿದೆ. ಎದುರಿಗೆ ಒಬ್ಬರು ಬಂದರೆ 6 ಅಡಿ ಸಾಲಲಿಲ್ಲ, 8 ಮಾಡಿದೆವು. ತಿರುವಿನಲ್ಲಿ ಒಂದು ಟೇಬಲ್ ಇಟ್ಟು ನಮ್ಮ ಮೇಸ್ತ್ರಿಯನ್ನು ಕೂರಿಸಿ, ಅಜ್ಜಿಯನ್ನು ಮತ್ತೆ ಕರೆಸಿದೆ. ಸುಣ್ಣದ ಗೆರೆ ತುಳಿಯದೆ ಸೀದಾ ಅವನ ಹತ್ತಿರ ಹೋಗಿ ಚೀಟಿ ಚಾಚಿದರು.