ಶೇರು ಯಾವಾಗ ಮಾರಬೇಕು? ನಾನು ಕಂಡುಕೊಂಡ ದಾರಿ

ಶೇರು ಕೊಳ್ಳೋದು ಸುಲಭ, ಮಾರೋದೇ ಕಷ್ಟ ಅಲ್ವಾ? ಸ್ಟಾಪ್‌ಲಾಸ್ (ನಷ್ಟ ಹೆಚ್ಚಾಗದಂತೆ ಶೇರು ಮಾರಿಬಿಡಲು ಮೊದಲೇ ಗೊತ್ತುಮಾಡುವ ಬೆಲೆ) ಎಲ್ಲಿಡಬೇಕು ಅನ್ನೋದೇ ಗೊತ್ತಾಗುತ್ತಿರಲಿಲ್ಲ. ಇಟ್ಟ ಆರ್ಡರ್ ಕೂಡ ಮಧ್ಯಾಹ್ನ 3:30ಕ್ಕೆ ಮಾರುಕಟ್ಟೆ ಮುಚ್ಚಿದ ಮೇಲೆ ರದ್ದಾಗುತ್ತಿತ್ತು.

ಈಗ ಕೊಳ್ಳುವ ಮೊದಲೇ ಚಾರ್ಟಿನಲ್ಲಿ 14 ದಿನದ ಎಟಿಆರ್ (ಆವರೇಜ್ ಟ್ರೂ ರೇಂಜ್) ನೋಡುತ್ತೇನೆ. ಶೇರು ದಿನಕ್ಕೆ ಸರಾಸರಿ ಎಷ್ಟು ಏರಿಳಿಯುತ್ತದೆ ಅಂತ ಅದು ಹೇಳುತ್ತದೆ. 500 ರೂಪಾಯಿ ಶೇರಿನ ಎಟಿಆರ್ 12 ಇದ್ದರೆ, ಅದರ ಎರಡರಷ್ಟು ಕೆಳಗೆ, ಅಂದರೆ 476ಕ್ಕೆ ಸ್ಟಾಪ್‌ಲಾಸ್. ಸುಮ್ನೆ 5 ರೂಪಾಯಿ ಕೆಳಗಿಟ್ಟರೆ ಮಾಮೂಲಿ ಅಲುಗಾಟಕ್ಕೇ ಹೊರಬೀಳುತ್ತೇವೆ. ಬೆಲೆ ಏರಿದಂತೆ ಅದನ್ನೂ ಮೇಲಕ್ಕೆ ಸರಿಸುತ್ತೇನೆ. ಕೆಳಕ್ಕೆ ಮಾತ್ರ ಎಂದೂ ಇಲ್ಲ.

ಆರ್ಡರನ್ನು ಜಿಟಿಟಿಯಲ್ಲಿ (ಗುಡ್ ಟಿಲ್ ಟ್ರಿಗರ್ಡ್, ಅಂದರೆ ಹೇಳಿದ ಬೆಲೆ ಮುಟ್ಟುವ ತನಕ ಕಾಯುವ ಆರ್ಡರ್) ಹಾಕುತ್ತೇನೆ, ದಿನ ಮುಗಿದರೂ ಉಳಿಯುತ್ತದೆ. ಆದರೆ ನನ್ನ ಬ್ರೋಕರ್ ಹತ್ತಿರ ಅದು ಲಿಮಿಟ್ ಆರ್ಡರ್, ಅಂದರೆ ನಾನು ಹೇಳಿದ ಬೆಲೆಗಿಂತ ಕಡಿಮೆಗೆ ಮಾರಾಟವಾಗುವುದಿಲ್ಲ. ಹಾಗಾಗಿ ಟ್ರಿಗರ್ (ಆರ್ಡರ್ ಚಾಲೂ ಆಗುವ ಬೆಲೆ) 476, ಲಿಮಿಟ್ 470. ಶೇರು 460ಕ್ಕೇ ತೆರೆದರೆ ಮಾರಾಟವಾಗದೆ ನಿಲ್ಲುತ್ತದೆ. ಅಂಥ ದಿನ 9:15ಕ್ಕೆ ನಾನೇ ಕೂತು ಮಾರುತ್ತೇನೆ.