ಮುದಿ ಮೊಲಕ್ಕೆ ಚಳಿಗಾಲದ ಊಟ: ಹಾಕಿದ್ದೆಷ್ಟು, ತಿಂದದ್ದೆಷ್ಟು?

ಹೊರಗಿನ ಗೂಡಿನಲ್ಲೇ ಬೆಳೆದ ಮೊಲಕ್ಕೆ ಚಳಿ ಹೊಸದೇನಲ್ಲ. ಚಳಿ ಬೀಳುವ ಮುಂಚೆಯೇ ದಟ್ಟ ತುಪ್ಪಳ ಬೆಳೆಸಿಕೊಳ್ಳುತ್ತದೆ. ಗೂಡು ಒಣಗಿದ್ದು, ಗಾಳಿ ನೇರವಾಗಿ ಹೊಡೆಯದಿದ್ದರೆ ಪ್ರಾಯದ ಮೊಲ ಆರಾಮವಾಗಿಯೇ ಇರುತ್ತದೆ. ವಯಸ್ಸಾದ ಮೊಲದ ಪಾಡು ಬೇರೆ. ಸಾಕುಮೊಲ ಸಾಮಾನ್ಯವಾಗಿ 8ರಿಂದ 12 ವರ್ಷ ಬದುಕುತ್ತದೆ. ಐದಾರು ವರ್ಷ ದಾಟಿತೆಂದರೆ ಮುಪ್ಪಿನ ಕಡೆಗೆ ಹೊರಟಿತೆಂದೇ ತಿಳಿಯಬೇಕು. ಮೈ ಬಿಸಿ ಉಳಿಸಿಕೊಳ್ಳಲು ಹೆಚ್ಚು ತಿನ್ನಬೇಕಾದ ಕಾಲದಲ್ಲೇ ಅದರ ಹಲ್ಲು ಕೈಕೊಡುತ್ತದೆ, ಕೀಲು ಹಿಡಿದುಕೊಳ್ಳುತ್ತದೆ, ಬಟ್ಟಲಿನ ತನಕ ನಡೆಯುವುದೂ ಕಷ್ಟವಾಗುತ್ತದೆ.

ನಮ್ಮ ಬೆಳ್ಳಿಗೆ ಅದು ಎಂಟನೆಯ ಚಳಿಗಾಲ. ಗೂಡಿನ ಗೋಡೆಗೆ ಕಟ್ಟಿದ್ದ ಜಾಲರಿಯಲ್ಲಿ ಒಣಹುಲ್ಲು ಯಾವಾಗ ನೋಡಿದರೂ ತುಂಬಿರುತ್ತಿತ್ತು. ತುಂಬಿದೆಯಲ್ಲ ಎಂದು ನಾನು ನೆಮ್ಮದಿಯಿಂದಿದ್ದೆ. ಒಂದು ಬೆಳಿಗ್ಗೆ ಗೂಡು ಗುಡಿಸಲೆಂದು ಅವಳನ್ನು ಎತ್ತಿಕೊಂಡಾಗ ಬೆನ್ನುಮೂಳೆಯ ಗಂಟುಗಳು ಒಂದೊಂದಾಗಿ ಕೈಗೆ ಸಿಕ್ಕವು. ಜಾಲರಿ ತುಂಬಿರುತ್ತಿದ್ದದ್ದು ಅವಳು ತಿನ್ನದೇ ಇದ್ದದ್ದರಿಂದ. ಹಿಂಗಾಲ ಮೇಲೆ ನಿಂತು ಹುಲ್ಲು ಎಳೆಯುವಷ್ಟು ಕಸುವು ಅವಳ ಸೊಂಟದಲ್ಲಿ ಉಳಿದಿರಲಿಲ್ಲ. ಚಳಿಗಾಲದ ತುಪ್ಪಳ ಅದನ್ನೆಲ್ಲ ನನ್ನ ಕಣ್ಣಿಂದ ಮುಚ್ಚಿಟ್ಟಿತ್ತು. ಅವತ್ತಿನಿಂದ ನಾನು ಹಾಕಿದ್ದಕ್ಕಿಂತ ಉಳಿದದ್ದನ್ನು ಲೆಕ್ಕ ಹಿಡಿಯುತ್ತೇನೆ. ಕೆಳಗಿನ ಹಂತಗಳೆಲ್ಲ ಆ ಲೆಕ್ಕಕ್ಕೆ ಸೇರಿದವು.

1. ಮೊದಲು ತೂಗಿ

ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ತೂಕ ನೋಡಿ. ಅಡುಗೆಮನೆಯ ತೂಕದ ಯಂತ್ರದ ಮೇಲೆ ಒಂದು ಡಬ್ಬಿಯಿಟ್ಟು, ಒಳಗೆ ಟವೆಲ್ ಹಾಸಿ ಕೂರಿಸಿದರೆ ಮೊಲ ಗಾಬರಿಯಾಗುವುದಿಲ್ಲ. ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಿ, ನೆನಪಿನ ಮೇಲೆ ಬಿಡಬೇಡಿ. 2 ಕಿಲೊ ತೂಗುವ ಮೊಲ 200 ಗ್ರಾಂ ಇಳಿದರೆ ಮೈಯ ಹತ್ತರಲ್ಲೊಂದು ಭಾಗವೇ ಹೋಯಿತು ಎಂದರ್ಥ. ಅಷ್ಟಾಗುವ ತನಕ ಕಾಯುವುದು ಬೇಡ, ಎರಡು ವಾರ ಬಿಡದೆ ಇಳಿದರೂ ಪಶುವೈದ್ಯರ ಹತ್ತಿರ ಹೋಗಿ. ತೂಗಿದ ಮೇಲೆ ತುಪ್ಪಳದೊಳಗೆ ಬೆರಳಾಡಿಸಿ ಬೆನ್ನು, ಪಕ್ಕೆ, ಸೊಂಟ ಮುಟ್ಟಿ ನೋಡಿ. ಮೂಳೆ ಮೆತ್ತಗೆ ದುಂಡಾಗಿ ಸಿಗಬೇಕು, ಚೂಪಾಗಿ ಚುಚ್ಚಬಾರದು.

ಚಳಿ ಶುರುವಾಗುವ ಮೊದಲೇ ಹಲ್ಲು ತೋರಿಸಿಕೊಂಡು ಬನ್ನಿ. ಮುಂದಿನ ಹಲ್ಲು ನಮಗೆ ಕಾಣುತ್ತದೆ, ದವಡೆ ಹಲ್ಲು ಕಾಣುವುದಿಲ್ಲ. ತೊಂದರೆ ಹೆಚ್ಚಾಗಿ ಅಲ್ಲೇ ಅಡಗಿರುತ್ತದೆ. ಗದ್ದದ ಕೆಳಗಿನ ತುಪ್ಪಳ ಜೊಲ್ಲಿನಿಂದ ಒದ್ದೆಯಾಗಿದೆಯೇ, ಒಂದೇ ಕಣ್ಣಲ್ಲಿ ನೀರು ಸುರಿಯುತ್ತಿದೆಯೇ, ತುತ್ತು ಬಾಯಿಗಿಟ್ಟುಕೊಂಡು ಮತ್ತೆ ಬೀಳಿಸುತ್ತಿದೆಯೇ ನೋಡಿ. ಇವು ಮೂರೂ ಹಲ್ಲು ಹೇಳುವ ದೂರುಗಳು.

2. ಒಣಹುಲ್ಲು ಮೂಗಿನ ಮಟ್ಟಕ್ಕೆ ಬರಲಿ

ಮುದಿಯಾಗಲಿ ಪ್ರಾಯದ್ದಾಗಲಿ, ಮೊಲದ ಊಟದಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಹುಲ್ಲೇ ಇರಬೇಕು. ದಿನಕ್ಕೆ ಅದರ ಮೈಯಷ್ಟು ದೊಡ್ಡ ಕಂತೆಯಾದರೂ ಬೇಕು. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಮುಂದಿನ ಹಲ್ಲಂತೂ ವಾರಕ್ಕೆ 2ರಿಂದ 3 ಮಿಲಿಮೀಟರ್. ಹುಲ್ಲನ್ನು ಎಡಕ್ಕೂ ಬಲಕ್ಕೂ ಅರೆದು ಜಗಿಯುವುದರಿಂದಲೇ ಅದು ಸವೆಯಬೇಕು. ಕರುಳು ನಿಲ್ಲದೆ ಓಡುವುದೂ ನಾರಿನ ಬಲದಿಂದ. ಹೊಟ್ಟೆಯಲ್ಲಿ ಹುಲ್ಲು ಹುದುಗುವಾಗ ಒಂದಿಷ್ಟು ಬಿಸಿಯೂ ಹುಟ್ಟುತ್ತದೆ, ಚಳಿಯ ರಾತ್ರಿಯಲ್ಲಿ ಅದೂ ಮೈಗೆ ಆಸರೆ.

ಹುಲ್ಲಿಡುವ ಜಾಗ ಬದಲಾಯಿಸುವುದೇ ಮುದಿ ಮೊಲಕ್ಕೆ ನೀವು ಮಾಡಬಹುದಾದ ದೊಡ್ಡ ಉಪಕಾರ. ಎತ್ತರದ ಜಾಲರಿ ತೆಗೆದುಬಿಡಿ. ಅಂಚು ತಗ್ಗಾದ ಅಗಲ ತಟ್ಟೆಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಹುಲ್ಲು ತುಂಬಿ ಮೂರು ಕಡೆ ಇಡಿ. ಮಲಗುವ ಜಾಗದ ಪಕ್ಕ ಒಂದು, ನೀರಿನ ಪಕ್ಕ ಒಂದು, ಅದು ಹಿಕ್ಕೆ ಹಾಕುವ ಮೂಲೆಯಲ್ಲಿ ಇನ್ನೊಂದು. ಮೊಲಕ್ಕೆ ಹಿಕ್ಕೆ ಹಾಕುತ್ತಾ ಹುಲ್ಲು ಮೆಲ್ಲುವ ಅಭ್ಯಾಸವಿದೆ, ನಮಗೆ ಹೇಗೆ ಕಂಡರೂ ಅದಕ್ಕೆ ಅದೇ ಹಿತ. ಕಾಲಡಿಯ ಹಲಗೆ ಜಾರುವಂತಿದ್ದರೆ ಚಾಪೆಯೋ ಗೋಣಿಯೋ ಹಾಸಿ. ಜಾರುವ ಭಯಕ್ಕೇ ಎಷ್ಟೋ ಮುದಿ ಮೊಲಗಳು ಮೂಲೆ ಬಿಟ್ಟು ಏಳುವುದಿಲ್ಲ.

ಕಡ್ಡಿಕಡ್ಡಿಯಾದ ಹುಲ್ಲಿಗಿಂತ ಎಲೆ ಹೆಚ್ಚಿರುವ ಮೆತ್ತನೆಯ ಹುಲ್ಲು ವಯಸ್ಸಾದ ಬಾಯಿಗೆ ಸುಲಭ. ಟಿಮೋಥಿ ಹುಲ್ಲಾದರೂ ಸರಿ, ಬಯಲಿನ ಮಿಶ್ರ ಹುಲ್ಲಾದರೂ ಸರಿ. ಹಲ್ಲು ಸೋತಿದ್ದರೆ ಕತ್ತರಿಯಿಂದ ಒಂದೆರಡು ಅಂಗುಲದ ತುಂಡು ಮಾಡಿಕೊಡಿ. ಚೀಲ ಬಿಚ್ಚಿದಾಗ ಹಸಿರು ಹುಲ್ಲಿನ ಸಿಹಿ ವಾಸನೆ ಬರಬೇಕು. ಬೂಷ್ಟಿನ ವಾಸನೆ ಬಂದರೆ, ಕೊಡವಿದಾಗ ಬೂದಿಯಂಥ ಧೂಳು ಎದ್ದರೆ ಆ ಕಂತೆ ಬೇಡವೇ ಬೇಡ. ದಾಸ್ತಾನನ್ನು ನೆಲಕ್ಕೆ ತಾಗದಂತೆ, ಗಾಳಿಯಾಡುವ ಗೋಣಿಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ಕಟ್ಟಿಟ್ಟ ಹುಲ್ಲು ಬೆವೆತು ಕೆಡುತ್ತದೆ.

ಕಾಳು ಬಡಿದ ಮೇಲೆ ಉಳಿಯುವ ಹುಲ್ಲು ಹಾಸಿಗೆಗೆ ಬಹಳ ಒಳ್ಳೆಯದು, ಬಿಸಿ ಹಿಡಿದಿಡುತ್ತದೆ. ಮೊಲ ಅದನ್ನೂ ಒಂದಿಷ್ಟು ಕಡಿಯುತ್ತದೆ, ಚಿಂತೆಯಿಲ್ಲ. ಆದರೆ ಅದರಲ್ಲಿ ಸತ್ವ ಕಡಿಮೆ, ಅದನ್ನೇ ಊಟದ ಲೆಕ್ಕಕ್ಕೆ ಸೇರಿಸಬೇಡಿ.

ಬಡಕಲಾದ ಮೊಲಕ್ಕೆ ಕುದುರೆಮಸಾಲೆ ಹುಲ್ಲು, ಅಂದರೆ ಲೂಸರ್ನ್, ಕೊಡಿ ಎಂದು ಹಲವರು ಹೇಳುತ್ತಾರೆ. ಅದರಲ್ಲಿ ಪ್ರೊಟೀನ್ ಹೆಚ್ಚು, ನಿಜ. ಕ್ಯಾಲ್ಸಿಯಂ ಕೂಡ ಹೆಚ್ಚು. ಮೊಲದ ಕರುಳು ತಿಂದ ಕ್ಯಾಲ್ಸಿಯಂನ ಬಹುಪಾಲನ್ನು ಬೇಕಿರಲಿ ಬೇಡದಿರಲಿ ಹೀರಿಕೊಳ್ಳುತ್ತದೆ, ಹೆಚ್ಚಾದದ್ದು ಮೂತ್ರದಲ್ಲಿ ಹೊರಗೆ ಹೋಗಬೇಕು. ಮೂತ್ರಪಿಂಡ ದಣಿದ ಮುದಿ ಮೊಲದಲ್ಲಿ ಅದು ಸುಣ್ಣದ ಕೆಸರಿನಂತೆ ಮೂತ್ರಕೋಶದಲ್ಲಿ ತಂಗುತ್ತದೆ. ಹಾಗಾಗಿ ಮೊದಲು ವೈದ್ಯರಿಂದ ಪರೀಕ್ಷೆ ಮಾಡಿಸಿ, ಅವರು ಸರಿ ಎಂದರೆ ಮಾಮೂಲಿ ಹುಲ್ಲಿನ ಜೊತೆ ಒಂದು ಹಿಡಿ ಬೆರೆಸಿ.

3. ಪೆಲೆಟ್ ಅಳೆದು ಹಾಕಿ

ಪೆಲೆಟ್ ಎಂದರೆ ಮೊಲಕ್ಕೆಂದೇ ಗುಳಿಗೆಯಂತೆ ಒತ್ತಿ ಮಾಡಿದ ಒಣ ಆಹಾರ. ಸಾಮಾನ್ಯ ಅಳತೆ ಮೈತೂಕದ ಕಿಲೊಗೆ ದಿನಕ್ಕೆ 25 ಗ್ರಾಂ. 2 ಕಿಲೊ ಮೊಲಕ್ಕೆ 50 ಗ್ರಾಂ ಆಯಿತು, ಅದನ್ನು ಬೆಳಿಗ್ಗೆ ಅರ್ಧ ಸಂಜೆ ಅರ್ಧ ಕೊಡಿ. ತೂಕ ಇಳಿಯುತ್ತಿದ್ದರೆ ಹೆಚ್ಚಿಸಬಹುದು, ಆದರೆ ಒಮ್ಮೆಲೇ ಬೇಡ. ವಾರದಿಂದ ಹತ್ತು ದಿನ ಹಿಡಿದು ಸ್ವಲ್ಪಸ್ವಲ್ಪವಾಗಿ ಏರಿಸಿ, ಹುಲ್ಲು ತಿನ್ನುವುದು ಕಡಿಮೆಯಾದ ದಿನವೇ ಅಲ್ಲಿಗೆ ನಿಲ್ಲಿಸಿ. ಕಾಳು, ಬಣ್ಣದ ತುಂಡು ಎಲ್ಲ ಬೆರೆತ ಮಿಶ್ರ ಆಹಾರ ಕೊಳ್ಳಬೇಡಿ. ಮೊಲ ಸಿಹಿಯಾದದ್ದನ್ನು ಹೆಕ್ಕಿ ತಿಂದು ನಾರಿನದನ್ನು ಬಿಡುತ್ತದೆ. ಎಲ್ಲ ಗುಳಿಗೆಗಳೂ ಒಂದೇ ತೆರನಾಗಿರುವ ಪೆಲೆಟ್ಟೇ ಒಳ್ಳೆಯದು.

ಹಲ್ಲು ನೋಯುವ ಮೊಲಕ್ಕೆ ಪೆಲೆಟ್ಟನ್ನು ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಹಾಕಿ. ಅರಳಿ ಮುದ್ದೆಯಾದದ್ದನ್ನು ಅಗಲ ತಟ್ಟೆಯಲ್ಲಿ ಇಡಿ. ಬೆಳ್ಳಿ ಮೊದಲ ದಿನ ಮೂಸಿ ಹಿಂದೆ ಸರಿದಳು. ಎರಡನೆಯ ದಿನ ಮುದ್ದೆಯ ಮೇಲೆ ಕೊತ್ತಂಬರಿ ಎಲೆ ಹರಿದು ಉದುರಿಸಿದೆ. ಎಲೆಯ ಆಸೆಗೆ ಬಾಯಿ ಹಾಕಿದವಳು ತಟ್ಟೆ ನೆಕ್ಕಿ ಬಿಟ್ಟಳು, ಮೂತಿಗೆ ಮೆತ್ತಿದ್ದನ್ನು ಮುಂಗಾಲಲ್ಲಿ ಒರೆಸಿಕೊಳ್ಳುತ್ತಾ ಇನ್ನಷ್ಟು ಬೇಕೆಂದು ನನ್ನ ಕೈ ಮೂಸಿದಳು. ಉಳಿದ ಮುದ್ದೆಯನ್ನು ಒಂದೆರಡು ಗಂಟೆಯಲ್ಲಿ ತೆಗೆದುಬಿಡಬೇಕು, ಇಲ್ಲದಿದ್ದರೆ ಹುಳಿಯುತ್ತದೆ ಅಥವಾ ಹೆಪ್ಪುಗಟ್ಟುತ್ತದೆ.

ಗೂಡಿನಲ್ಲಿ ಎರಡು ಮೊಲವಿದ್ದರೆ ಊಟದ ಹೊತ್ತಿಗೆ ಮಾತ್ರ ನಡುವೆ ಅಡ್ಡಹಲಗೆಯಿಟ್ಟು ಬೇರೆ ಮಾಡಿ. ಪ್ರಾಯದ್ದು ಎರಡೂ ಪಾಲು ಮುಗಿಸಿದರೆ ಬರಿದಾದ ತಟ್ಟೆ ನೋಡಿ ನಾವು ಮೋಸಹೋಗುತ್ತೇವೆ. ಮಿಕ್ಕ ಹೊತ್ತು ಜೊತೆಗೇ ಇರಲಿ, ಒಂದಕ್ಕೊಂದು ಒತ್ತಿ ಮಲಗುವುದಕ್ಕಿಂತ ಒಳ್ಳೆಯ ಕಂಬಳಿಯಿಲ್ಲ.

ಚಳಿಗೆ ಶಕ್ತಿ ಬರಲಿ ಎಂದು ಬ್ರೆಡ್, ಬಿಸ್ಕತ್ತು, ಧಾನ್ಯ ಹಾಕುವವರನ್ನು ನೋಡಿದ್ದೇನೆ. ಪ್ರೀತಿಯಿಂದಲೇ ಹಾಕುತ್ತಾರೆ. ಆದರೆ ಹಿಟ್ಟು, ಸಕ್ಕರೆ ಹೆಚ್ಚಾದರೆ ಹುಲ್ಲು ಹುದುಗಿಸುವ ಕರುಳಿನ ಸೂಕ್ಷ್ಮಜೀವಿಗಳ ಹದ ಕೆಡುತ್ತದೆ, ಉಬ್ಬರ, ಭೇದಿ ಹಿಡಿಯುತ್ತದೆ. ದಯವಿಟ್ಟು ಬೇಡ.

4. ಸೊಪ್ಪು

ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು, ಗಜ್ಜರಿಯ ಎಲೆ ಎಲ್ಲವೂ ನಡೆಯುತ್ತದೆ. ತೊಳೆದು, ಕೊಡವಿ, ಫ್ರಿಜ್‌ನಿಂದ ನೇರವಾಗಿ ಹಾಕದೆ ಕೋಣೆಯ ಹದಕ್ಕೆ ಬಂದ ಮೇಲೆ ಕೊಡಿ. ಹೊಸ ಸೊಪ್ಪಾದರೆ ಒಮ್ಮೆಗೆ ಒಂದೇ ಬಗೆ, ಅದೂ ಚಿಟಿಕೆಯಷ್ಟು. ಹಿಮ ಹಿಡಿದು ಜೋಲಾದ ಎಲೆ, ಯಂತ್ರದಲ್ಲಿ ಕತ್ತರಿಸಿ ರಾಶಿ ಬಿದ್ದ ಹುಲ್ಲು ಬೇಡ. ಗಜ್ಜರಿ ಗೆಡ್ಡೆ, ಹಣ್ಣು ಹೆಬ್ಬೆರಳ ಉಗುರಿನಷ್ಟು ಸಾಕು, ಔಷಧಿ ತಿನ್ನಿಸುವಾಗ ಉಪಯೋಗಕ್ಕೆ ಬರುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಆಲೂಗಡ್ಡೆ ಗಿಡದ ಎಲೆ, ಚಾಕೊಲೇಟ್ ಇವು ವಿಷ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಹೋದಂತೆಯೇ.

5. ನೀರು ಕುಡಿದರೆ ಮಾತ್ರ ಹುಲ್ಲು ಇಳಿಯುತ್ತದೆ

ಚಳಿಗಾಲದಲ್ಲಿ ಜನ ಹೆಚ್ಚು ಮರೆಯುವುದು ಇದನ್ನೇ. ಮೊಲಕ್ಕೆ ದಿನಕ್ಕೆ ಮೈತೂಕದ ಕಿಲೊಗೆ 50ರಿಂದ 150 ಮಿಲಿಲೀಟರ್ ನೀರು ಬೇಕು. ನೀರು ಕೊರೆಯುವಷ್ಟು ತಣ್ಣಗಿದ್ದರೆ ಕುಡಿಯುವುದು ಕಡಿಮೆ ಮಾಡುತ್ತದೆ. ನೀರು ಕಡಿಮೆಯಾದರೆ ಒಣಹುಲ್ಲು ಗಂಟಲಲ್ಲಿ ಇಳಿಯುವುದಿಲ್ಲ, ಹೊಟ್ಟೆಯಲ್ಲಿರುವುದೂ ಒಣಗಿ ಗಟ್ಟಿಯಾಗುತ್ತದೆ.

ಬಾಟಲಿ ತೂಗುಹಾಕಿದ್ದರೆ ಎಚ್ಚರ. ಮೊದಲು ಹೆಪ್ಪುಗಟ್ಟುವುದು ತುದಿಯ ಲೋಹದ ಗುಂಡು. ಬಾಟಲಿಯೊಳಗೆ ನೀರು ಅಲುಗಾಡುತ್ತಿರುತ್ತದೆ, ಮೊಲಕ್ಕೆ ಒಂದು ಹನಿಯೂ ಸಿಗುತ್ತಿರುವುದಿಲ್ಲ. ಬಾಟಲಿಗೆ ಉಣ್ಣೆಯ ಕಾಲುಚೀಲ ತೊಡಿಸಿ, ಹೋದಾಗಲೆಲ್ಲ ಗುಂಡನ್ನು ಬೆರಳಿಂದ ಒತ್ತಿ ನೀರು ಬರುವುದನ್ನು ಕಣ್ಣಾರೆ ನೋಡಿ. ಕತ್ತು ಎತ್ತಲಾರದ ಮುದಿ ಮೊಲಕ್ಕಂತೂ ಬಾಟಲಿಗಿಂತ ಪಿಂಗಾಣಿಯ ಭಾರದ, ತಗ್ಗಾದ ಬಟ್ಟಲೇ ವಾಸಿ. ಬೆಳಿಗ್ಗೆ, ಸಂಜೆ, ಚಳಿ ಹೆಚ್ಚಿದ್ದರೆ ನೀವು ಮಲಗುವ ಮುಂಚೆ ಇನ್ನೊಮ್ಮೆ ಉಗುರುಬೆಚ್ಚಗಿನ ನೀರು ತುಂಬಿ. ನೀರು ಗಟ್ಟಿಯಾಗದಿರಲೆಂದು ಉಪ್ಪು, ಸಕ್ಕರೆ ಹಾಕಬೇಡಿ. ಬಟ್ಟಲಿಗೆ ಗೆರೆ ಎಳೆದಿಟ್ಟರೆ ಎಷ್ಟು ಕುಡಿಯಿತೆಂದು ತಿಳಿಯುತ್ತದೆ. ಇದ್ದಕ್ಕಿದ್ದಂತೆ ಬಹಳ ಕುಡಿಯತೊಡಗಿದರೂ ವೈದ್ಯರಿಗೆ ಹೇಳಬೇಕು, ಮೂತ್ರಪಿಂಡದ ತೊಂದರೆ ಹಾಗೆ ಕಾಣಿಸಿಕೊಳ್ಳಬಹುದು.

6. ಹೊತ್ತು ಮತ್ತು ಜಾಗ

ಮೊಲ ಚುರುಕಾಗಿರುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಹೊಸ ಹುಲ್ಲು, ಸೊಪ್ಪು ಆ ಹೊತ್ತಿಗೆ ಹಾಕಿ. ಚಳಿ ತೀರಾ ಏರಿ ಒಳಗೆ ತಂದುಕೊಂಡರೆ ಚಳಿಗಾಲ ಮುಗಿಯುವ ತನಕ ಒಳಗೇ ಇರಲಿ. ಹಗಲು ಬೆಚ್ಚನೆಯ ಕೋಣೆ, ರಾತ್ರಿ ಹೊರಗಿನ ಗೂಡು ಎಂದು ಅಲೆದಾಡಿಸಿದರೆ ಮೈ ಯಾವುದಕ್ಕೂ ಒಗ್ಗುವುದಿಲ್ಲ.

7. ಹಿಕ್ಕೆ ಓದಲು ಕಲಿಯಿರಿ

ರಾತ್ರಿ ಮಲಗುವ ಮುಂಚೆ ಹಿಕ್ಕೆಯ ಮೂಲೆಯನ್ನು ಪೂರ್ತಿ ಗುಡಿಸಿಬಿಡಿ. ಬೆಳಿಗ್ಗೆ ಅಲ್ಲಿ ಕಾಣುವುದೆಲ್ಲ ಆ ರಾತ್ರಿಯ ವರದಿ. ಒಳ್ಳೆಯ ಹಿಕ್ಕೆ ದುಂಡಗೆ, ದಪ್ಪಗೆ ಇರುತ್ತದೆ, ಬೆರಳಲ್ಲಿ ಹಿಸುಕಿದರೆ ಪುಡಿಯಾಗಿ ಒಳಗೆ ಹುಲ್ಲಿನ ನಾರು ಕಾಣುತ್ತದೆ. ಸಣ್ಣದಾಗಿ, ಕಪ್ಪಾಗಿ, ಗಟ್ಟಿಯಾಗಿ, ಎಣಿಸುವಷ್ಟೇ ಇದ್ದರೆ ಕರುಳು ನಿಧಾನವಾಗಿದೆ.

ಇನ್ನೊಂದು ಬಗೆಯೂ ಇದೆ. ಪುಟ್ಟ ದ್ರಾಕ್ಷಿಗೊಂಚಲಿನಂತೆ ಮೆತ್ತಗೆ ಹೊಳೆಯುವ ಹಿಕ್ಕೆ. ಇದನ್ನು ಮೊಲ ಹೊರಬರುತ್ತಿದ್ದಂತೆಯೇ ಬಾಯಿಂದ ತೆಗೆದು ತಿಂದುಬಿಡುತ್ತದೆ. ಕೆಲವು ವಿಟಮಿನ್‌ಗಳೂ ಪ್ರೊಟೀನೂ ಅದಕ್ಕೆ ಸಿಗುವುದು ಹಾಗೆ. ಕೀಲು ಹಿಡಿದ ಮೊಲಕ್ಕೆ ಅಷ್ಟು ಬಗ್ಗಲಾಗದೆ ಅದು ಬಾಲದಡಿ ಮೆತ್ತಿಕೊಳ್ಳುತ್ತದೆ. ಹಿಂಭಾಗ ಅಂಟಾಗಿದ್ದರೆ ಭೇದಿ ಎಂದು ತಕ್ಷಣ ತೀರ್ಮಾನಿಸಬೇಡಿ, ಬೆನ್ನುನೋವಿರಬಹುದು, ಪೆಲೆಟ್ ಹೆಚ್ಚಾಗಿರಬಹುದು. ಒದ್ದೆ ಬಟ್ಟೆಯಿಂದ ಅಷ್ಟು ಭಾಗ ಒರೆಸಿ ಪೂರ್ತಿ ಒಣಗಿಸಿ. ಸ್ನಾನ ಮಾತ್ರ ಮಾಡಿಸಬೇಡಿ, ನೆನೆದ ತುಪ್ಪಳ ಚಳಿಯಲ್ಲಿ ಜೀವಕ್ಕೇ ಅಪಾಯ. ಕೀಲುನೋವಿಗೆ ಪಶುವೈದ್ಯರ ಬಳಿ ಮೊಲಕ್ಕೆ ಹೊಂದುವ ಔಷಧಿಯಿದೆ. ನೋವು ಇಳಿದ ಮೇಲೆ ಹಸಿವು ತಾನಾಗಿ ಏರುವುದನ್ನು ನಾನೇ ಕಂಡಿದ್ದೇನೆ. ಮನುಷ್ಯರ ಮಾತ್ರೆ ಮುರಿದು ಕೊಡುವ ಯೋಚನೆ ಮಾತ್ರ ಬೇಡ.

8. ತಿನ್ನುವುದನ್ನೇ ನಿಲ್ಲಿಸಿದರೆ

ಹತ್ತು ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ಗೂನು ಬೆನ್ನು ಮಾಡಿಕೊಂಡು ಹಲ್ಲು ಕಡಿಯುತ್ತಾ ಕೂತಿದ್ದರೆ ನಾಳೆ ನೋಡೋಣ ಎನ್ನಬೇಡಿ. ಕರುಳು ನಿಂತ ಮೊಲದ ಯಕೃತ್ತಿಗೆ ಬೇಗನೆ ಕೊಬ್ಬು ತುಂಬಿಕೊಂಡು ಪ್ರಾಣಕ್ಕೆ ಕುತ್ತು ಬರುತ್ತದೆ. ಕಿವಿ, ಮೈ ತಣ್ಣಗಾಗಿದ್ದರೆ ಬಿಸಿನೀರಿನ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಪಕ್ಕದಲ್ಲಿಡಿ, ಬೇಡವೆನಿಸಿದರೆ ದೂರ ಸರಿಯುವಷ್ಟು ಜಾಗವಿರಲಿ. ಹೊಟ್ಟೆ ತಮಟೆಯಂತೆ ಬಿಗಿದಿದ್ದರೆ ಸಿರಿಂಜಿನಿಂದ ಏನನ್ನೂ ಕುಡಿಸಲು ಹೋಗದೆ ನೇರ ವೈದ್ಯರ ಹತ್ತಿರ ಹೊರಡಿ. ಒಯ್ಯುವ ಪೆಟ್ಟಿಗೆಯಲ್ಲಿ ಅದರದೇ ಗೂಡಿನ ಒಂದು ಹಿಡಿ ಹುಲ್ಲು ಹಾಕಿ, ಜೊತೆಗಾರ ಮೊಲವಿದ್ದರೆ ಅದನ್ನೂ ಕರೆದೊಯ್ಯಿರಿ. ತೂಕದ ಪುಸ್ತಕ ಮರೆಯಬೇಡಿ. ಕೊನೆಯ ಸಲ ತಿಂದದ್ದು ಎಷ್ಟು ಹೊತ್ತಿಗೆ, ಕೊನೆಯ ಹಿಕ್ಕೆ ಹಾಕಿದ್ದು ಎಷ್ಟು ಹೊತ್ತಿಗೆ ಎಂದು ಅದರಲ್ಲೇ ಬರೆದುಕೊಂಡು ಹೋಗಿ. ವೈದ್ಯರು ಕೇಳುವ ಮೊದಲ ಎರಡು ಪ್ರಶ್ನೆ ಅವೇ ಆಗಿರುತ್ತವೆ.