ಏರ್‌ಪೋರ್ಟ್ ಡ್ಯೂಟಿ: ಕಾಯುವ ಪಾಳಿ ಈಗ ನಮ್ಮದು

ಊಬರ್‌ನಂಥ ಟ್ಯಾಕ್ಸಿ ಆ್ಯಪ್ ಬರುವ ಮೊದಲೂ ನಾನು ಏರ್‌ಪೋರ್ಟ್ ಡ್ಯೂಟಿ ಮಾಡುತ್ತಿದ್ದೆ. ಹಿಂದಿನ ರಾತ್ರಿಯೇ ಟ್ರಾವೆಲ್ಸ್‌ನವರು ಫೋನ್ ಮಾಡಿ ಫ್ಲೈಟ್ ನಂಬರು, ಪಾರ್ಟಿಯ ಹೆಸರು ಹೇಳುತ್ತಿದ್ದರು. ಗಾಡಿಯನ್ನು ಪಾರ್ಕಿಂಗ್‌ಗೆ ಹಾಕಿ, ಹೆಸರು ಬರೆದ ಬೋರ್ಡ್ ಹಿಡಿದು ಬಾಗಿಲ ಎದುರು ನಿಲ್ಲುವುದು. ಫ್ಲೈಟ್ ಎರಡು ಗಂಟೆ ಲೇಟಾದರೆ ಕಾಲು ಸೋತುಹೋಗುತ್ತಿತ್ತು ನಿಜ, ಆದರೆ ಬಿಲ್ಲಿನಲ್ಲಿ ‘ವೇಟಿಂಗ್’ ಅಂತ ಒಂದು ಸಾಲು ಇರುತ್ತಿತ್ತು. ಪಾರ್ಕಿಂಗ್ ದುಡ್ಡೂ ಪಾರ್ಟಿಯದ್ದೇ. ಅಕ್ಕಪಕ್ಕದಲ್ಲಿ ಅಪ್ಪ ಅಮ್ಮನನ್ನು ಕರೆದೊಯ್ಯಲು ಬಂದ ಮಕ್ಕಳು, ನಿದ್ದೆಗಣ್ಣಿನ ಅಳಿಯಂದಿರು, ಗಾಡಿ ಇದೆ ಅನ್ನುವ ಒಂದೇ ಕಾರಣಕ್ಕೆ ಸಿಕ್ಕಿಬಿದ್ದ ಸ್ನೇಹಿತರು.

ಈಗ ಆ ಬಾಗಿಲಲ್ಲಿ ಅಷ್ಟು ಜನ ಕಾಣುವುದಿಲ್ಲ. ಹಾಗಂತ ಯಾರೂ ಕಾಯುತ್ತಿಲ್ಲ ಅಂದುಕೊಳ್ಳಬೇಡಿ. ಮನೆಯವರ ಪಾಲಿಗಿದ್ದ ಕಾಯುವ ಕೆಲಸ ಪೂರ್ತಿ ಡ್ರೈವರುಗಳ ಪಾಲಿಗೆ ಬಂದಿದೆ, ಅದೂ ಟರ್ಮಿನಲ್ಲಿನಿಂದ ದೂರದ ಒಂದು ಬಯಲಿಗೆ. ಆ ಹೊತ್ತಿಗೆ ಬಿಲ್ಲಿನಲ್ಲಿ ಸಾಲೂ ಇಲ್ಲ. ಪ್ಯಾಸೆಂಜರ್ ಹತ್ತಿದ ಮೇಲಿನ ಕಿಲೋಮೀಟರು, ನಿಮಿಷಕ್ಕಷ್ಟೇ ಲೆಕ್ಕ. ಏರ್‌ಪೋರ್ಟ್ ಟ್ರಿಪ್ಪು ಉದ್ದ, ಬಾಡಿಗೆ ಚೆನ್ನಾಗಿರುತ್ತದೆ ಅಂತ ಹೊರಗಿನವರು ಹೇಳುವಾಗ ಈ ಬಯಲು ಅವರ ಕಣ್ಣಿಗೆ ಬಿದ್ದಿರುವುದಿಲ್ಲ.

ಬಯಲಿನ ವ್ಯವಸ್ಥೆ ಹೀಗೆ. ಆ್ಯಪ್‌ನ ಮ್ಯಾಪಿನಲ್ಲಿ ಏರ್‌ಪೋರ್ಟಿನ ಸುತ್ತ ಕಣ್ಣಿಗೆ ಕಾಣದ ಬೇಲಿ ಹಾಕಿರುತ್ತಾರೆ, ಜಿಯೋಫೆನ್ಸ್ ಅಂತಾರೆ. ಊರೊಳಗೆ ಹತ್ತಿರ ಇರುವ ಗಾಡಿಗೆ ಬುಕಿಂಗ್ ಹೋಗುತ್ತದೆ. ಇಲ್ಲೂ ಹಾಗೇ ಬಿಟ್ಟರೆ ಎಲ್ಲರೂ ಟರ್ಮಿನಲ್ ಮುಂದೆ ಸುತ್ತು ಹಾಕಿಕೊಂಡೇ ಇರುತ್ತಾರೆ, ರಸ್ತೆ ಕಟ್ಟಿಹೋಗುತ್ತದೆ. ಅದಕ್ಕೇ ಗೊತ್ತುಮಾಡಿದ ಜಾಗಕ್ಕೆ ಬಂದು ನಿಂತರಷ್ಟೇ ಪಾಳಿ. ಮೊದಲು ಬಂದವರಿಗೆ ಮೊದಲ ಟ್ರಿಪ್ಪು. ನಲ್ಲಿ ಮುಂದೆ ಕೊಡ ಇಟ್ಟು ಮನೆಗೆ ಹೋಗಿಬಂದ ಹಾಗೆ ಇಲ್ಲಿ ನಡೆಯುವುದಿಲ್ಲ. ಬೇಲಿ ದಾಟಿದರೆ ಪಾಳಿ ಹೋಯಿತು, ಮತ್ತೆ ಕೊನೆಯಿಂದ. ಬಂದ ಟ್ರಿಪ್ಪುಗಳನ್ನು ಬೇಡ ಬೇಡ ಅಂತ ಬಿಡುತ್ತಾ ಹೋದರೂ ಹಿಂದಕ್ಕೆ ತಳ್ಳುತ್ತಾರೆ. ಸಣ್ಣ ಗಾಡಿಗೆ ಒಂದು ಸಾಲು, ದೊಡ್ಡ ಗಾಡಿಗೆ ಇನ್ನೊಂದು.

ಮುಂದೆ ಎಷ್ಟು ಗಾಡಿ ಇವೆ ಅಂತ ಆ್ಯಪ್ ತೋರಿಸುತ್ತದೆ. ಹೊಸ ಹುಡುಗರು ಆ ಸಂಖ್ಯೆ ನೋಡಿಯೇ ಇರುವುದೋ ಹೋಗುವುದೋ ಅಂತ ತೀರ್ಮಾನ ಮಾಡುತ್ತಾರೆ. ನಾನು ಅದರ ಜೊತೆಗೆ ಅರೈವಲ್ ಪಟ್ಟಿ ತೆಗೆದಿಟ್ಟುಕೊಳ್ಳುತ್ತೇನೆ. ವಿಮಾನಗಳು ದಿನವಿಡೀ ಒಂದೇ ಸಮ ಇಳಿಯುವುದಿಲ್ಲ. ದೊಡ್ಡ ಏರ್‌ಪೋರ್ಟುಗಳಲ್ಲಿ ಗುಂಪುಗುಂಪಾಗಿ ಬರುತ್ತವೆ, ನಡುವೆ ಖಾಲಿ ಹೊತ್ತು. ಉದ್ದ ಸಾಲಿದ್ದರೂ ಅರ್ಧ ಗಂಟೆಯೊಳಗೆ ನಾಲ್ಕೈದು ವಿಮಾನ ಇಳಿಯುವುದಿದ್ದರೆ ಬೇಗ ಕರಗುತ್ತದೆ. ಸಾಲು ಗಿಡ್ಡಗಿದ್ದು ಪಟ್ಟಿ ಖಾಲಿ ಇದ್ದರೆ ಅಲ್ಲೇ ಸೀಟು ಹಿಂದಕ್ಕೆ ಮಾಡಿ ಮಲಗಬೇಕು.

ವಿಮಾನದ ಗಾತ್ರವೂ ಬೇಕು. ಏರ್‌ಬಸ್ 320 ಥರದ್ದರಲ್ಲಿ ಹೆಚ್ಚೆಂದರೆ 180ರ ಆಸುಪಾಸು ಸೀಟು, ಬೋಯಿಂಗ್ 777 ಆದರೆ ಸಾಮಾನ್ಯವಾಗಿ 300 ದಾಟುತ್ತದೆ. ಆದರೆ ದೊಡ್ಡದು ಇಳಿದ ತಕ್ಷಣ ನಮಗೇನೂ ಸಿಗುವುದಿಲ್ಲ. ಹೊರದೇಶದಿಂದ ಬಂದವರು ಇಮಿಗ್ರೇಶನ್ ಮುಗಿಸಿ, ಪೆಟ್ಟಿಗೆ ಬರುವ ಬೆಲ್ಟ್ ಮುಂದೆ ನಿಂತು, ಕಸ್ಟಮ್ಸ್ ದಾಟಿ ಬರಬೇಕು. ಅವರಲ್ಲಿ ಒಂದಷ್ಟು ಜನ ಇನ್ನೊಂದು ವಿಮಾನ ಹತ್ತಿ ಹೊರಟೇ ಹೋಗುತ್ತಾರೆ. ಒಳದೇಶದ ವಿಮಾನದಿಂದ ಕೈಚೀಲ ಒಂದೇ ಹಿಡಿದು ಇಳಿದ ಆಫೀಸಿನವರು ಎಲ್ಲರಿಗಿಂತ ಮೊದಲು ರಸ್ತೆಯಲ್ಲಿರುತ್ತಾರೆ. ಸಂಸಾರಸ್ಥರು ಕೊನೆಗೆ, ಟ್ರಾಲಿ ತುಂಬಿಸಿಕೊಂಡು.

ನನಗೆ ಅತಿ ಹೆಚ್ಚು ಹೊತ್ತು ದಂಡ ಆಗುವುದು ವಿಮಾನದ ಸೀಟಿನಲ್ಲೇ ಕೂತು ಬುಕ್ ಮಾಡುವವರಿಂದ. ಚಕ್ರ ನೆಲ ಮುಟ್ಟಿದ ಕೂಡಲೇ ಫೋನ್ ಆನ್, ಆ್ಯಪ್ ಓಪನ್. ನನ್ನ ಪಾಳಿ ಬಂದು ಟ್ರಿಪ್ಪು ಬೀಳುತ್ತದೆ, ಬಯಲಿನಿಂದ ಪಿಕಪ್ ಜಾಗಕ್ಕೆ ಹೋಗಿ ನಿಲ್ಲುತ್ತೇನೆ. ಫೋನ್ ಮಾಡಿದರೆ, “ಅಣ್ಣಾ, ಐದೇ ನಿಮಿಷ, ಬಾಗಿಲು ತೆಗೀತಿದ್ದಾರೆ.” ಯಾವ ಬಾಗಿಲು ಅಂತ ಕೇಳಿದರೆ ವಿಮಾನದ್ದು! ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಬಿಡುವುದಿಲ್ಲ, ಕಾವಲಿನವರು ಬಂದು ಬಾನೆಟ್ ತಟ್ಟುತ್ತಾರೆ. ಒಂದು ಸುತ್ತು ಹಾಕಿ ಬಂದರೆ ಅಷ್ಟರಲ್ಲಿ ಅವರು ಕ್ಯಾನ್ಸಲ್ ಮಾಡಿರುತ್ತಾರೆ, ಗಾಡಿ ದೂರ ಹೋಗ್ತಿದೆ ಅನ್ನುವ ಕಾರಣಕ್ಕೆ. ಬೆಲ್ಟಿನಿಂದ ಕೊನೆಯ ಪೆಟ್ಟಿಗೆ ಕೈಗೆ ಬಂದ ಮೇಲೆ ಬುಕ್ ಮಾಡಿ ಅಂತ ಸಿಕ್ಕವರಿಗೆಲ್ಲ ಹೇಳುತ್ತೇನೆ. ಪಿಕಪ್ ಜಾಗಕ್ಕೆ ನಡೆದು ಬರುವಷ್ಟರಲ್ಲಿ ಗಾಡಿ ಬಂದಿರುತ್ತದೆ.

ಇನ್ನೊಂದು ಕಿರಿಕಿರಿ ಕಂಬದ್ದು.

“ಎಲ್ಲಿದ್ದೀರಿ ಸರ್?”

“ಇಲ್ಲೇ, ಕಂಬದ ಹತ್ರ.”

“ಕಂಬದ ಮೇಲೆ ನಂಬರ್ ಇರುತ್ತೆ ನೋಡಿ ಸರ್.”

“ನಂಬರ್ ಇದೆ, ನಿಮ್ಮ ಗಾಡಿ ಇಲ್ಲ.”

ಇಬ್ಬರ ಫೋನಿನಲ್ಲೂ ಚುಕ್ಕಿ ಒಂದರ ಮೇಲೊಂದು ಕೂತಿರುತ್ತದೆ. ಅವರು ಡಿಪಾರ್ಚರ್ ಮಹಡಿಯಲ್ಲಿ, ನಾನು ಕೆಳಗೆ. ಮ್ಯಾಪಿಗೆ ಉದ್ದ ಅಗಲ ಗೊತ್ತು, ಮಹಡಿ ಗೊತ್ತಾಗುವುದಿಲ್ಲ. ಕಾಂಕ್ರೀಟ್ ಛಾವಣಿಯ ಕೆಳಗೆ ಜಿಪಿಎಸ್ ಸಿಗ್ನಲ್ಲೂ ಸರಿಯಾಗಿ ಸಿಗದು. ಅದಕ್ಕೇ ಮೊದಲ ಮಾತಿಗೇ “ಮೇಲಿದ್ದೀರಾ, ಕೆಳಗಾ?” ಅಂತ ಕೇಳಿಬಿಡುತ್ತೇನೆ. ಆಮೇಲೆ ಟರ್ಮಿನಲ್ಲು, ಆಮೇಲೆ ಕಂಬ.

ಈ ಗೋಜು ಬಿಡಿಸಲು ಅಮೆರಿಕದ ಪೋರ್ಟ್‌ಲ್ಯಾಂಡ್ ಏರ್‌ಪೋರ್ಟಿನಲ್ಲಿ 2019ರಲ್ಲಿ ಊಬರ್ ಒಂದು ಪ್ರಯೋಗ ಮಾಡಿತು. ಪ್ಯಾಸೆಂಜರಿಗೆ ಒಂದು ಪಿನ್ ಕೊಡುವುದು, ಅವರು ಸಾಲಿನಲ್ಲಿ ಮುಂದಿರುವ ಗಾಡಿ ಹತ್ತಿ ಪಿನ್ ಹೇಳುವುದು. ಹೆಸರು ಹುಡುಕಬೇಕಾಗಿಲ್ಲ, ನಂಬರ್ ಪ್ಲೇಟ್ ಹುಡುಕಬೇಕಾಗಿಲ್ಲ. ಓದಿದಾಗ ನಗು ಬಂತು. ಹಳೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಾವು ಮಾಡುತ್ತಿದ್ದುದೂ ಇದನ್ನೇ ತಾನೆ, ಪಿನ್ ಒಂದು ಇರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸ್ ಏರ್‌ಪೋರ್ಟಿನವರು ಟರ್ಮಿನಲ್ ಮುಂದಿನ ಪಿಕಪ್ ನಿಲ್ಲಿಸಿ, ಆ್ಯಪ್ ಗಾಡಿ, ಟ್ಯಾಕ್ಸಿ ಎರಡನ್ನೂ ಪಕ್ಕದ ಒಂದು ಅಂಗಳಕ್ಕೆ ಸಾಗಿಸಿದರು. ಅಲ್ಲಿಗೆ ನಡೆದು ಹೋಗಬೇಕು, ಇಲ್ಲವೇ ಶಟಲ್ ಬಸ್ಸು. ಗಾಡಿ ಜಾಸ್ತಿಯಾದ ಏರ್‌ಪೋರ್ಟ್ ಕೊನೆಗೆ ಹುಡುಕುವ ಉಪಾಯ ಇದೇ, ನಮ್ಮನ್ನು ಬಾಗಿಲಿನಿಂದ ದೂರ ಇಡುವುದು.

ಮೊದಮೊದಲು ಏರ್‌ಪೋರ್ಟಿನವರಿಗೆ ನಾವು ಬೇಡವೇ ಆಗಿದ್ದೆವು. ಆ್ಯಪ್ ಟ್ಯಾಕ್ಸಿಗೆ ಕಾನೂನಿನಲ್ಲಿ ಹೆಸರೇ ಇರಲಿಲ್ಲ. 2013ರಲ್ಲಿ ಕ್ಯಾಲಿಫೋರ್ನಿಯಾ ಇವಕ್ಕೆಂದೇ ಒಂದು ಪ್ರತ್ಯೇಕ ವರ್ಗ ಮಾಡಿ ನಿಯಮ ತಂದಿತು, ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟ್ ಪರವಾನಗಿ ಕೊಟ್ಟಿತು. ಇದೆಲ್ಲದರ ಹಿಂದೆ ಇದ್ದದ್ದು ದುಡ್ಡಿನ ಮಾತು. ಏರ್‌ಪೋರ್ಟುಗಳ ಆದಾಯದಲ್ಲಿ ಪಾರ್ಕಿಂಗಿನದ್ದು ಬಹಳ ದೊಡ್ಡ ಪಾಲು. ವಾರಗಟ್ಟಲೆ ಗಾಡಿ ನಿಲ್ಲಿಸಿ ಹೋಗುತ್ತಿದ್ದವರು ಆ್ಯಪ್ ಗಾಡಿ ಹತ್ತಿದರೆ ಆ ದುಡ್ಡಿಗೆ ಕತ್ತರಿ, ಬಾಡಿಗೆ ಕಾರಿನ ಕೌಂಟರಿಗೂ ಕತ್ತರಿ. ಹಾಗಾಗಿ ಒಂದೊಂದು ಟ್ರಿಪ್ಪಿಗೆ ಇಷ್ಟು ಅಂತ ಶುಲ್ಕ ಹಾಕಿದರು. ನಮ್ಮ ಪಾಳಿ ನಡೆಸುವ ಆ ಬೇಲಿಯೇ ಅವರಿಗೆ ಲೆಕ್ಕ ಹಿಡಿಯುವ ಸಾಧನವೂ ಆಯಿತು. ಬಿಲ್ಲಿನಲ್ಲಿ ‘ಏರ್‌ಪೋರ್ಟ್ ಶುಲ್ಕ’ ಕಂಡು ಅದು ನನ್ನ ಜೇಬಿಗೆ ಬಿತ್ತು ಅಂದುಕೊಳ್ಳುವವರಿದ್ದಾರೆ. ಒಬ್ಬರು ಮನೆ ತಲುಪುವವರೆಗೂ ಆ ಮಾತಲ್ಲೇ ಚುಚ್ಚಿದರು.

ಡ್ರಾಪ್‌ನ ಕಷ್ಟ ಬೇರೆ. ಇಳಿಸಿದ ಮೇಲೆ ಖಾಲಿ ವಾಪಸ್ ಬರಬೇಕು, ಇಲ್ಲವೇ ಬಯಲಿಗೆ ಹೋಗಿ ಸಾಲಿನ ಬಾಲ ಹಿಡಿಯಬೇಕು. ಕೆಲವು ಏರ್‌ಪೋರ್ಟುಗಳಲ್ಲಿ ಈಗ ರೀಮ್ಯಾಚ್ ಇದೆ: ಇಳಿಸಿದ ಗಾಡಿಗೆ ಅಲ್ಲೇ ಒಂದು ಪಿಕಪ್ ಸಿಕ್ಕಿಬಿಡುತ್ತದೆ. ಇಳಿಸಿದವನಿಗೆ ಹಬ್ಬ, ಬಯಲಲ್ಲಿ ಗಂಟೆಯಿಂದ ಕೂತವನಿಗೆ ಹೊಟ್ಟೆಯುರಿ. ನಾನು ಎರಡೂ ಕಡೆ ಇದ್ದವನು, ಆದರೂ ರೀಮ್ಯಾಚ್ ಪರವೇ. ರಸ್ತೆಯಲ್ಲಿ ಖಾಲಿ ಗಾಡಿ ಓಡಿಸಿ ಯಾರಿಗೇನು ಲಾಭ?

ಬೆಳಗಿನ ಜಾವದ ಫ್ಲೈಟಿಗೆ ಹೋಗುವವರಿಗೆ ಇರುವ ದಿಗಿಲು ನನಗೆ ಅರ್ಥವಾಗುತ್ತದೆ. ಆ ಹೊತ್ತಿನಲ್ಲಿ ಗಾಡಿ ಸಿಗದಿದ್ದರೆ ಟಿಕೆಟ್ಟೇ ಹೋಯಿತು. ಊಬರ್‌ನಲ್ಲಿ ಮುಂಗಡ ಬುಕಿಂಗ್ 2016ರಿಂದ ಇದ್ದರೂ, ಅದು ನೀವು ಹೇಳಿದ ಹೊತ್ತಿಗೆ ತಾನಾಗಿ ಗಾಡಿ ಕೇಳುತ್ತಿತ್ತು ಅಷ್ಟೆ. ಆಗ ಹತ್ತಿರ ಯಾರೂ ಇಲ್ಲದಿದ್ದರೆ ಇಲ್ಲ. 2020ರ ನವೆಂಬರಿನಲ್ಲಿ ಬಂದ ರಿಸರ್ವ್‌ನಲ್ಲಿ ಡ್ರೈವರು ಮೊದಲೇ ಒಪ್ಪಿಕೊಳ್ಳುವ ವ್ಯವಸ್ಥೆ ಬಂತು. ನಾನು ರಾತ್ರಿ ಮಲಗುವ ಮುಂಚೆ ನನ್ನ ಮನೆಯ ಸುತ್ತಮುತ್ತಲಿನ ಇಂಥ ಒಂದು ಟ್ರಿಪ್ಪು ಹಿಡಿದಿಟ್ಟುಕೊಳ್ಳುತ್ತೇನೆ. ಮನೆಯಿಂದ ಖಾಲಿ ಓಡಿಸುವುದು ತಪ್ಪುತ್ತದೆ, ಬೆಳಗ್ಗೆ ಗುಂಪಾಗಿ ಇಳಿಯುವ ವಿಮಾನಗಳ ಹೊತ್ತಿಗೆ ಸರಿಯಾಗಿ ಏರ್‌ಪೋರ್ಟಿನಲ್ಲಿರುತ್ತೇನೆ.

ಎದ್ದ ಕೂಡಲೇ ಪಾರ್ಟಿಗೆ ಒಂದು ಮೆಸೇಜ್ ಹಾಕುತ್ತೇನೆ: ಎದ್ದಿದ್ದೇನೆ, ಬರ್ತಿದ್ದೇನೆ, ಎಷ್ಟು ಪೆಟ್ಟಿಗೆ, ಯಾವ ಟರ್ಮಿನಲ್ಲು. ಪೆಟ್ಟಿಗೆ ಕೇಳುವುದು ಸುಮ್ಮನೆ ಅಲ್ಲ. ನಾಲ್ಕು ಜನರ ಗಾಡಿ ಅಂದರೆ ನಾಲ್ಕು ಜನರ ಜೊತೆ ನಾಲ್ಕು ದೊಡ್ಡ ಪೆಟ್ಟಿಗೆ ಹಿಡಿಯುವ ಗಾಡಿ ಅಂತಲ್ಲ. ಡಿಕ್ಕಿಯಲ್ಲಿ ಎರಡು ಕೂತರೆ ಹೆಚ್ಚು. ಮೊದಲೇ ಗೊತ್ತಾದರೆ ದೊಡ್ಡ ಗಾಡಿಗೆ ಬದಲಾಯಿಸಿಕೊಳ್ಳಬಹುದು. ಜಾವದಲ್ಲಿ ಬಾಗಿಲ ಮುಂದೆ ನಿಂತು ಪೆಟ್ಟಿಗೆಯನ್ನು ಅಡ್ಡ ಹಾಕಿ, ಉದ್ದ ಹಾಕಿ ನೋಡುತ್ತಾ ಹತ್ತು ನಿಮಿಷ ಕಳೆಯುವ ಕೆಲಸ ಇರುವುದಿಲ್ಲ.

ಸಂಪಾದನೆಯನ್ನು ನಾನು ಟ್ರಿಪ್ಪಿಗೆ ಇಷ್ಟು ಅಂತ ನೋಡುವುದು ಬಿಟ್ಟಿದ್ದೇನೆ. ಬಯಲಿಗೆ ಕಾಲಿಟ್ಟ ಗಳಿಗೆಯಿಂದ ಪ್ಯಾಸೆಂಜರನ್ನು ಇಳಿಸುವ ಗಳಿಗೆವರೆಗೆ ಎಷ್ಟು ಗಂಟೆ ಹಿಡಿಯಿತು, ಅದರಿಂದ ಬಾಡಿಗೆಯನ್ನು ಭಾಗಿಸುವುದು. ಹಾಗೆ ನೋಡಿದರೆ ಮಧ್ಯಾಹ್ನದ ಬಯಲು ಬಹುತೇಕ ನಷ್ಟದ್ದು, ಊರೊಳಗಿನ ಚಿಕ್ಕ ಟ್ರಿಪ್ಪುಗಳೇ ಮೇಲು. ಮಧ್ಯಾಹ್ನ ಡ್ರಾಪ್‌ಗೆ ಬಂದವನು ರೀಮ್ಯಾಚ್ ಸಿಕ್ಕರೆ ಸರಿ, ಇಲ್ಲವಾದರೆ ಬಯಲಿನ ಕಡೆ ತಿರುಗಿಯೂ ನೋಡದೆ ಊರ ದಾರಿ ಹಿಡಿಯುತ್ತೇನೆ.